ಸದನದಲ್ಲಿ ಬತ್ತಿಹೋದ ನಮ್ಮ ಮನೆಯ ನಳ

ನನ್ನ ತಮ್ಮ ಮಂತ್ರಿ. ಇದನ್ನು ಹೆಮ್ಮೆಯಿಂದ ಹೇಳಬೇಕೆಂದು ಬಹಳ ಸಲ ಅಂದುಕೊಂಡಿದ್ದೇನೆ. ಬಾಯಿಗೆ ಬರುವ ಹೊತ್ತಿಗೆ ಮಾತ್ರ ಅದು, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಹೇಳುವ ದನಿಯಲ್ಲಿ ಹೊರಬೀಳುತ್ತದೆ. ತಪ್ಪು ಅವನದಲ್ಲ, ನನ್ನ ಸ್ವಭಾವದ್ದು. ಬಸ್ಸು ಹತ್ತಿದ ಮೇಲೆ ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಮನೆಗೆ ಫೋನು ಮಾಡುವವಳು ನಾನು. ಬಂದ್ ಆಗಿದೆ ಎಂದು ಗಂಡ ಹೇಳಿದರೆ, ಎದ್ದು ಹೋಗಿ ನೋಡಿ ಹೇಳಿದರೋ ಕೂತಲ್ಲಿಂದಲೇ ಹೇಳಿದರೋ ಎಂದು ಇನ್ನೊಂದು ಚಿಂತೆ ಹಚ್ಚಿಕೊಳ್ಳುತ್ತೇನೆ. ಇಂಥವಳ ತಮ್ಮ ಮಂತ್ರಿಯಾದರೆ ಇಡೀ ರಾಜ್ಯದ ಚಿಂತೆಯಲ್ಲಿ ಒಂದು ಪಾಲು ನಮ್ಮ ಅಡುಗೆಮನೆಗೂ ಬಂದು ಕೂತಿರುತ್ತದೆ.

ಲಿಂಗಸುಗೂರಿನ ತವರುಮನೆಯಲ್ಲಿ ಅವನಿಗೆ ಮಗ್ಗಿ ಹೇಳಿಕೊಟ್ಟವಳು ನಾನೇ. ಏಳರ ಮಗ್ಗಿಯಲ್ಲಿ ಸಿಕ್ಕಿಬಿದ್ದಾಗಲೆಲ್ಲ ಅವನು ಗೋಡೆಯ ಕಡೆ ಕೈ ತೋರಿಸಿ "ಅಕ್ಕಾ, ಹಲ್ಲಿ!" ಎಂದು ಕೂಗುತ್ತಿದ್ದ. ನಾನು ಬೆಚ್ಚಿಬಿದ್ದು ಗೋಡೆ ನೋಡಿ ತಿರುಗುವಷ್ಟರಲ್ಲಿ ಎಂಟರ ಮಗ್ಗಿಗೆ ಹಾರಿರುತ್ತಿದ್ದ. ಮುಂದೆ ವಕೀಲಿಕೆ ಓದಿದ, ದೂರದ ಜಿಲ್ಲೆಯ ಹೆಣ್ಣನ್ನು ಮದುವೆಯಾಗಿ ಅಲ್ಲೇ ನೆಲೆನಿಂತ, ಅಲ್ಲಿಂದಲೇ ಗೆದ್ದ. ಈಗ ಊರುಗಳಿಗೆ ನೀರು ಕೊಡುವ ಖಾತೆ ಅವನ ಕೈಯಲ್ಲಿದೆ. ನಾನು ಸಿಂಧನೂರಿಗೆ ಸೊಸೆಯಾಗಿ ಬಂದೆ. ಮಸ್ಕಿಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಪ್ರಶ್ನೋತ್ತರ ವೇಳೆ ಎಂಬ ಪಾಠ ನನಗೆ ಬಲು ಪ್ರೀತಿಯದು. "ಸರ್ಕಾರ ಜನರ ಮುಂದೆ ಕೈಕಟ್ಟಿ ನಿಲ್ಲುವ ಹೊತ್ತು ಅದು" ಎಂದು ಮಕ್ಕಳಿಗೆ ಹೇಳುವಾಗ ನನ್ನ ದನಿ ತಾನಾಗಿಯೇ ಏರುತ್ತಿತ್ತು. ಏರುತ್ತಿತ್ತು ಎಂದೇ ಬರೆಯಬೇಕು. ಈಗ ಆ ಪಾಠವನ್ನು ನೋಟ್ಸ್ ಬರೆಸಿ ಮುಗಿಸುತ್ತೇನೆ.

ಅಧಿವೇಶನದಲ್ಲಿ ತಮ್ಮನ ಖಾತೆಯ ಸರದಿ ಬಂದ ದಿನ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ನೇರಪ್ರಸಾರ ನೋಡುವುದು ನನ್ನ ರೂಢಿ. ಪಕ್ಕದಲ್ಲಿ ಇತಿಹಾಸದ ಮೇಷ್ಟ್ರು. ಅವರಿಗೆ ನನ್ನ ತಮ್ಮನ ಮೇಲೆ ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ. ನನ್ನ ಮುಖದಲ್ಲಿ ಬಣ್ಣ ಏರಿಳಿಯುವುದನ್ನು ನೋಡಲು ಬರುತ್ತಾರೆ.

ಅಂದಿನ ಪ್ರಶ್ನೆ ನಮ್ಮ ಕಡೆಯದೇ. ಕಲ್ಯಾಣ ಕರ್ನಾಟಕದ ಸಣ್ಣ ಪಟ್ಟಣಗಳಲ್ಲಿ ಕುಡಿಯುವ ನೀರು ಸರಿಯಾಗಿ ಸಿಗದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಕ್ರಮ ಕೈಗೊಳ್ಳಲಾಗುತ್ತಿದೆ. ಅಚ್ಚಾದ ಉತ್ತರ ಅಷ್ಟೇ. ತಮ್ಮ ಎದ್ದು "ಉತ್ತರ ಒದಗಿಸಿದ್ದೇನೆ, ಸಭಾಧ್ಯಕ್ಷರೇ" ಎಂದು ಹೇಳಿ ಕೂತುಬಿಟ್ಟಿದ್ದರೆ ನಮ್ಮ ಓಣಿ ಇಂದಿಗೂ ಮೊದಲಿನ ಹಾಗೇ ಇರುತ್ತಿತ್ತು. ಆದರೆ ಕೇಳಿದವರು ವಿರೋಧ ಪಕ್ಷದ ಹಳೆಯ ಕೈ. ಒಂದರ ಹಿಂದೆ ಒಂದು ಉಪಪ್ರಶ್ನೆ ಹಾಕಿದರು. ಅಧಿಕಾರಿಗಳು ಕೂತ ಕಡೆಯಿಂದ ಚೀಟಿ ಬಂತು. ತಮ್ಮ ಅದನ್ನು ಓದಿದ. ಅದು ಬೇರೆ ಯಾವುದೋ ಜಿಲ್ಲೆಯ ಚೀಟಿ. ಎದುರಿನ ಸಾಲಿನಲ್ಲಿ ನಗೆ ಎದ್ದಿತು.

"ಮಂತ್ರಿಗಳಿಗೆ ಹೇಗೆ ಗೊತ್ತಾಗಬೇಕು, ಸಭಾಧ್ಯಕ್ಷರೇ?" ಎಂದರು ಆ ಸದಸ್ಯರು. "ಅವರ ಮನೆಯಲ್ಲಿ, ಅವರ ನೆಂಟರ ಮನೆಯಲ್ಲಿ ನಲ್ಲಿ ತಿರುವಿದರೆ ಗಂಗೆ ಇಳಿದು ಬರುತ್ತಾಳೆ! ನೆಂಟರ ಓಣಿಗೆ ಪೈಪು, ಜನರ ಓಣಿಗೆ ಭಾಷಣ!"

ತಮ್ಮ ಬಾಯಿ ತೆರೆದ. ತೆರೆದುಕೊಂಡೇ ನಿಂತ. ಆಗ ಅವನ ಕಣ್ಣು ಮೆಲ್ಲಗೆ ಗೋಡೆಯ ಕಡೆ ಹೊರಳಿದ್ದನ್ನು ನಾನು ಕಂಡೆ. ಆ ನೋಟ ನನಗೆ ಗೊತ್ತು. ಏಳರ ಮಗ್ಗಿಯ ನೋಟ. ಇವನು ಈಗ ಯಾವುದೋ ಹಲ್ಲಿ ತೋರಿಸುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಹಲ್ಲಿ ನಾನೇ ಎಂದು ಮಾತ್ರ ಗೊತ್ತಿರಲಿಲ್ಲ.

"ಮಾನ್ಯ ಸದಸ್ಯರು ನನ್ನ ನೆಂಟರ ಮಾತು ತೆಗೆದರು. ಹೇಳಿಬಿಡುತ್ತೇನೆ" ಎಂದ. ದನಿ ಭಾರವಾಗಿತ್ತು. "ನನ್ನ ಒಡಹುಟ್ಟಿದ ಅಕ್ಕ ಸಿಂಧನೂರಿನಲ್ಲಿದ್ದಾಳೆ. ನನ್ನನ್ನು ಎತ್ತಿ ಆಡಿಸಿದವಳು. ಆಕೆಯ ಮನೆಯ ನಳ ಒಣಗಿ ವಾರಗಳಾದವು. ಮೊನ್ನೆ ಫೋನಿನಲ್ಲಿ ಅತ್ತಳು, ಸಭಾಧ್ಯಕ್ಷರೇ. ನಾನು ಏನು ಹೇಳಿದೆ? ಅಕ್ಕಾ, ಜನರಿಗೆ ಬಂದ ದಿನ ನಿನಗೂ ಬರುತ್ತದೆ ಎಂದೆ. ಸ್ವಂತ ಅಕ್ಕನಿಗೆ ಒಂದು ಕೊಡ ನೀರು ಕೊಡಿಸದ ಮಂತ್ರಿ ನಾನು. ಇದು ಪಕ್ಷಪಾತವೇ?"

ಆಡಳಿತ ಪಕ್ಷದವರು ಮೇಜು ಬಡಿದರು. ಎದುರಿನಿಂದ ಯಾರೋ "ಪಾಪ, ಅಕ್ಕನಿಗೊಂದು ಟ್ಯಾಂಕರ್ ಕಳಿಸ್ರೀ!" ಎಂದು ಕೂಗಿದರು. ಇಡೀ ಸದನ ನಕ್ಕಿತು. ಸಭಾಧ್ಯಕ್ಷರೂ ನಗುತ್ತಲೇ ಮುಂದಿನ ಪ್ರಶ್ನೆ ಕರೆದರು.

ಇತಿಹಾಸದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಮೇಡಂ, ನೀವು ಅತ್ತಿದ್ರೇನ್ರೀ?"

"ನೆಗಡಿ ಆಗಿತ್ರೀ" ಎಂದೆ.

ಅದು ನಿಜವೇ. ಕೆಲವು ದಿನ ಮೊದಲು ಅವನು ಫೋನು ಮಾಡಿದಾಗ ನನಗೆ ಮೂಗು ಕಟ್ಟಿತ್ತು, ಅದರ ಹಿಂದಿನ ದಿನ ನಮ್ಮ ಮೋಟರೂ ಸುಟ್ಟುಹೋಗಿತ್ತು. ಹೇಗಿದ್ದೀ ಎಂದು ಯಾರೇ ಕೇಳಲಿ, ಇರುವ ಕಷ್ಟಗಳನ್ನೆಲ್ಲ ಸಾಲಾಗಿ ಹೇಳದಿದ್ದರೆ ನನಗೆ ಮಾತಾಡಿದ ಹಾಗೆ ಆಗುವುದಿಲ್ಲ. ಮಂಡಿನೋವು ಹೇಳಿದೆ, ಬಸ್ಸಿನ ಗದ್ದಲ ಹೇಳಿದೆ, ಕೊನೆಗೆ "ನೀರೂ ಬರವಲ್ವಪ್ಪಾ" ಎಂದೆ. ಮೋಟರಿನ ಮಾತು ಮಾತ್ರ ಆಡಲಿಲ್ಲ. ಮುಚ್ಚಿಡಬೇಕೆಂದೇನಲ್ಲ. ನಮ್ಮಲ್ಲಿ ನಳ ಎಂದರೆ ಮೋಟರು ಸೇರಿಯೇ ನಳ. ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಓಣಿಯ ವ್ಯವಹಾರ ಹೀಗಿದೆ. ನಳ ದಿನವೂ ಬರುವುದಿಲ್ಲ. ಬಂದ ದಿನ ಓಣಿಯ ಬಾಯಲ್ಲಿ ಯಾರಾದರೂ "ನಳ ಬಂದ್ವೂ!" ಎಂದು ಕೂಗುತ್ತಾರೆ. ಕೂಗು ಮುಗಿಯುವುದರೊಳಗೆ ಮನೆಮನೆಯಲ್ಲೂ ಮೋಟರು ಗುಂಯ್ ಅನ್ನುತ್ತದೆ. ನಳದ ಪೈಪಿಗೇ ಮೋಟರು ಹಚ್ಚಿ ಎಳೆದು ನೆಲದೊಳಗಿನ ಸಂಪು ತುಂಬಿಸಿಕೊಳ್ಳುವುದು. ಹಾಗೆ ಹಚ್ಚಬಾರದು ಎಂಬುದು ಎಲ್ಲರಿಗೂ ಗೊತ್ತು, ಎಲ್ಲರೂ ಹಚ್ಚಿದ್ದಾರೆ. ಓಣಿಗೆ ಪೈಪು ಒಳಬರುವುದು ನಮ್ಮ ಮನೆಯ ಮುಂದಿನಿಂದ. ಓಣಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮೋಟರೂ ನಮ್ಮದೇ. ನಮ್ಮ ಸಂಪು ತುಂಬುವವರೆಗೆ ಮುಂದಿನವರ ಮೋಟರುಗಳು ಬರೀ ಗಾಳಿ ಎಳೆಯುತ್ತವೆ.

ಓಣಿಯ ಕೊನೆಯ ಮನೆ ನನ್ನ ನೆಗೆಣ್ಣಿಯದು, ಅಂದರೆ ಮೈದುನನ ಹೆಂಡತಿಯದು. ಮನೆ ಪಾಲಾದಾಗ ಹಿರಿಯರೆಂದು ಮುಂದಿನ ಮನೆ ನಮಗೆ ಬಂತು, ಕೊನೆಯದು ಅವರಿಗೆ. ನಳ ಬಂದ ದಿನವೂ ಆಕೆ ಸಾಯಂಕಾಲ ಕೊಡ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದಳು. ನಾನು ಸಂಪಿನಿಂದ ಎತ್ತಿ, ಕೊಡದ ಬಾಯಿ ತುಳುಕುವಂತೆ ತುಂಬಿಸಿ ಕೊಡುತ್ತಿದ್ದೆ. "ಇನ್ನೊಂದು ಒಯ್ಯವಾ, ನೀರಿಗೇನು" ಎನ್ನುತ್ತಿದ್ದೆ. ಹಾಗೆ ಅನ್ನುವಾಗ ಒಳಗೆ ಒಂದು ಹಿಗ್ಗು. ಆಕೆಯ ನೀರನ್ನೇ ಆಕೆಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳುತ್ತಿದ್ದೇನೆ ಎಂಬ ಯೋಚನೆ, ಸಣ್ಣಪುಟ್ಟದ್ದಕ್ಕೆಲ್ಲ ನಿದ್ದೆಗೆಡುವ ನನಗೆ, ಒಂದು ದಿನವೂ ಬಂದಿರಲಿಲ್ಲ.

ಸದನದಲ್ಲಿ ನಮ್ಮ ನಳ ಒಣಗಿದ ದಿನ ನಮ್ಮ ಸಂಪು ತುಂಬಿ ನಿಂತಿತ್ತು. ಮೋಟರು ರಿಪೇರಿಯಾಗಿ ಬಂದಾಗಿತ್ತು.

ಅಂದು ಮಸ್ಕಿಯಿಂದ ಹೊರಟ ಬಸ್ಸಿನಲ್ಲಿ ದಿನದ ಕಂಡಕ್ಟರೇ ಇದ್ದ. ಅವನ ಮೊಬೈಲಿಗೆ ಆಗಲೇ ಆ ತುಣುಕು ಬಂದಿತ್ತು. ಲಿಂಗಸುಗೂರಿನಿಂದ ಬರುವಾಗ ಸಂತೆಕಲ್ಲೂರಿನಲ್ಲಿ ಹತ್ತಿದ್ದ ಒಬ್ಬ ಮುದುಕಿಯ ಪಕ್ಕ ನನಗೆ ಜಾಗ ಮಾಡಿಕೊಟ್ಟು, "ಯಮ್ಮಾ, ಮಂತ್ರಿಗಳ ಅಕ್ಕಾರು ಇವರ ನೋಡಬೇ, ನೀರಿಲ್ಲಂತ ಅತ್ತೋರು" ಎಂದ.

ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಕಣ್ಣಿನಲ್ಲಿ ಅಪಹಾಸ್ಯವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಚೀಲದಿಂದ ಬಾಟಲಿ ತೆಗೆದು ನನ್ನ ಕೈಗಿಟ್ಟಳು. "ಕುಡಿಯವ್ವಾ. ನಮ್ಮೂರ ಬೋರಿನ ನೀರು, ಜರಾ ಉಪ್ಪದಾವ. ಒಡಹುಟ್ಟಿದಾಂವ ಕೊಡವಲ್ಲ ಅಂದ್ರ ಏನ್ ಮಾಡ್ತಿ."

ಬೇಡ ಎನ್ನುವುದು ಹೇಗೆ? ಕುಡಿದೆ. ಉಪ್ಪಾಗಿಯೇ ಇತ್ತು. ಆ ಉಪ್ಪು ಸಿಂಧನೂರು ಬರುವವರೆಗೂ ನಾಲಿಗೆಯ ಮೇಲೇ ಇತ್ತು.

ಮನೆಯ ಗೇಟಿನಲ್ಲಿ ನೆಗೆಣ್ಣಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು ನಿಂತಿದ್ದಳು. ಅಕ್ಕಪಕ್ಕದ ಹೆಂಗಸರೆಲ್ಲ ಕಟ್ಟೆಗಳ ಮೇಲೆ ಕೂತಿದ್ದರು. ಕೂತದ್ದು ನನ್ನ ಬಸ್ಸಿನ ಹೊತ್ತು ನೋಡಿಯೇ.

"ಬರ್ರಿ ಅಕ್ಕಾ, ದಣದು ಬಂದೀರಿ" ಎಂದಳು ಓಣಿಗೆಲ್ಲ ಕೇಳುವಂತೆ. "ನಿಮ್ಮ ಮನ್ಯಾಗ ನೀರಿಲ್ಲಂತ. ವಿಧಾನಸೌಧದಾಗ ಹೇಳಿದ ಮ್ಯಾಲ ನಮಗ ಗೊತ್ತಾತು ನೋಡ್ರಿ. ನಿನ್ನೆ ನಿಮ್ಮ ಸಂಪಿನಿಂದ ಒಯ್ದದ್ರಾಗ ಒಂದು ಕೊಡ ಉಳದಿತ್ತು. ತಗೊಳ್ರಿ, ವಾಪಸ್ ತಂದೀನಿ."

ಕಟ್ಟೆಯ ಮೇಲಿನವರು ಸೆರಗು ಬಾಯಿಗೆ ಒತ್ತಿಕೊಂಡರು. ನಾನೂ ನಗಲು ನೋಡಿದೆ. ಮುಖ ಏನು ಮಾಡಿತೋ ಗೊತ್ತಿಲ್ಲ. ಕೊಡ ತೆಗೆದುಕೊಂಡು ಒಳಗೆ ಹೋದೆ.

ಒಳಗೆ ಗಂಡ ಹಣೆಯ ವಿಭೂತಿ ಬೆವರಿಗೆ ಕರಗಿದ್ದರೂ ಒರೆಸಿಕೊಳ್ಳದೆ ಕೂತಿದ್ದರು. ಸಿಟ್ಟಿನ ಮನುಷ್ಯರಲ್ಲ. ಬಟ್ಟೆ ಅಂಗಡಿಯಲ್ಲಿ ಜೀವಮಾನವೆಲ್ಲ ಗಿರಾಕಿಗಳ ಮಾತು ಕೇಳಿ ಪಳಗಿದವರು. "ನಮ್ಮಪ್ಪನ ಕಾಲದಿಂದ ಈ ಮನಿಗಿ ಬಂದ ಜಂಗಮರು ನೀರು ಕುಡೀಲಾರದ ಹೋಗಿಲ್ಲ" ಎಂದರು. "ಇವತ್ತ ಮೂರು ಮಂದಿ ಗಿರಾಕಿ ಅಂಗಡ್ಯಾಗ ಅರಿವಿ ಬಿಟ್ಟು ನೀರಿನ ಮಾತ ಕೇಳಿದ್ರು. ನಿನ್ನ ತಮ್ಮಗ ಏನ್ ಹೇಳಿದ್ದಿ ನೀ?"

"ನೆಗಡಿ ಆಗೇತಿ ಅಂತ ಹೇಳಿದ್ದೆರೀ."

ಊಟಕ್ಕೆ ಮೊದಲೇ ತಮ್ಮನ ಫೋನು ಬಂತು. ಅವನ ದನಿಯಲ್ಲಿ ಇನ್ನೂ ಮೇಜು ಬಡಿದ ಸದ್ದಿನ ಸಂತೋಷವಿತ್ತು. "ಅಕ್ಕಾ, ನೋಡಿದೇನು? ಎಲ್ಲಾರೂ ಬಾಯಿ ಮುಚ್ಚಿದ್ರು."

"ಲೇ, ನಮ್ಮ ಮನ್ಯಾಗ ನೀರು ತುಂಬಿ ನಿಂತಾವಲೇ!"

"ನೀನ ಅಂದಿದ್ದೆಲ್ಲ, ಬರವಲ್ವು ಅಂತ?"

"ಮೋಟರ್ ಸುಟ್ಟಿತ್ತಪ್ಪಾ. ಈಗ ರಿಪೇರಿ ಆಗೇತಿ."

"ಮೋಟರಾ? ನಳಕ್ಕ ಹಚ್ಚೀರೇನು?" ತಮ್ಮನ ದನಿ ಸಣ್ಣದಾಯಿತು. "ಹಂಗ ಹಚ್ಚಿದೋರ ನಳ ಕಡೀರಿ ಅಂತ ನಾನ ಆದೇಶ ಮಾಡೀನಿ ಅಕ್ಕಾ."

ಆಮೇಲೆ ಅವನು ಹೇಳಿದ್ದು ಇನ್ನೂ ಕೆಟ್ಟ ಸುದ್ದಿ. ವಿರೋಧ ಪಕ್ಷದ ಸಿಂಧನೂರಿನವರು ಮಾರನೆಯ ಬೆಳಿಗ್ಗೆಯೇ ನಮ್ಮ ಮನೆಗೆ ಬಂದು ನಳದ ವಿಡಿಯೊ ಮಾಡುತ್ತಾರಂತೆ. ಸದನಕ್ಕೆ ಸುಳ್ಳು ಹೇಳಿದ್ದು ಸಾಬೀತಾದರೆ ಹಕ್ಕುಚ್ಯುತಿ ಮಂಡಿಸುತ್ತಾರೆ, ಕುರ್ಚಿಗೂ ಸಂಚಕಾರ ಬರಬಹುದು. "ಮೋಟರ್ ಬಿಚ್ಚಿ ಒಳಗಿಡು. ಸಂಪು ಯಾರಿಗೂ ಕಾಣಬಾರದು. ಇಷ್ಟು ಮಾಡಕ್ಕಾ" ಎಂದ. ಏಳರ ಮಗ್ಗಿ ಬಾರದಾಗ ಅಪ್ಪನಿಗೆ ಹೇಳಬೇಡ ಎಂದು ಗೋಗರೆಯುತ್ತಿದ್ದ ಅದೇ ದನಿ. ಅವತ್ತೂ ನಾನು ಹೇಳುತ್ತಿರಲಿಲ್ಲ.

ಮಂತ್ರಿಯ ಉತ್ತರ ನಿಜವಾಗಲೆಂದು ನಾವು ನಮ್ಮ ನೀರನ್ನು ಬಚ್ಚಿಡಬೇಕಾಯಿತು. ಗಂಡ ಮೋಟರು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಮೆಟ್ಟಿಲ ಕೆಳಗಿಟ್ಟರು.

ಬೆಳಿಗ್ಗೆ ನಳದ ದಿನ. "ನಳ ಬಂದ್ವೂ!" ಎಂಬ ಕೂಗೆದ್ದಿತು, ಓಣಿಯ ಮೋಟರುಗಳು ಗುಂಯ್ ಎಂದವು. ಅವುಗಳೆಲ್ಲ ಎಳೆಯುವಾಗ ಮೋಟರಿಲ್ಲದ ನಮ್ಮ ನಳ ಒಂದೊಂದೇ ಹನಿ ಬಿಟ್ಟಿತು. ತಮ್ಮನ ಮಾತು ಅಷ್ಟರ ಮಟ್ಟಿಗೆ ನಿಜವಾಯಿತು. ಉಳಿದದ್ದು ಅಂಗಳದ ಸಂಪು. ಅದರ ಮುಚ್ಚಳದ ಮೇಲೆ ಚಾಪೆ ಹಾಸಿ, ಮೊರದಲ್ಲಿ ಜೋಳ ಹಾಕಿಕೊಂಡು, ಹಸನು ಮಾಡುತ್ತ ಕೂತುಬಿಟ್ಟೆ.

ಬಂದವರು ಏಳೆಂಟು ಜನ. ಮುಂದೆ ಮುಕ್ಕುಂದದ ಕಡೆಯ ಮುಖಂಡರು. ನಮ್ಮ ಅಂಗಡಿಯ ಹಳೆಯ ಗಿರಾಕಿ. ಚಪ್ಪಲಿ ಹೊರಗೆ ಬಿಟ್ಟು ಕೈಮುಗಿದರು. "ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ, ರಾಜಕೀಯ ನೋಡ್ರಿ. ನಳ ಒಂಚೂರು ನೋಡಿ ಹೋಗ್ತೀವಿ."

ನಳ ತಿರುವಿದರು. ಹನಿ. ಇನ್ನೂ ತಿರುವಿದರು. ಹನಿಯೇ. ಮೊಬೈಲು ಹಿಡಿದವನ ಮುಖ ಬಾಡಿತು. ಮುಖಂಡರು ಅಂಗಳವನ್ನೆಲ್ಲ ಕಣ್ಣಾಡಿಸಿದರು. "ಸಂಪು ಎಲ್ಲೈತ್ರೀ ಅಕ್ಕಾರ?"

ನಾನು ಜೋಳದಲ್ಲಿ ಕಲ್ಲು ಹುಡುಕಿದೆ. ಮೊರ ವಾಲಿ ಕಾಳು ಚಾಪೆಯ ಮೇಲೆಲ್ಲ ಚೆಲ್ಲಿದವು. ಸದನದಲ್ಲಿ ತಮ್ಮ ಬಾಯಿ ತೆರೆದು ನಿಂತಿದ್ದನ್ನು ನೋಡಿ ಮೊಬೈಲಿನ ಮುಂದೆ ಬೈದುಕೊಂಡಿದ್ದೆನಲ್ಲ, ಈಗ ನನ್ನ ಬಾಯಿಯೂ ಹಾಗೇ ತೆರೆದುಕೊಂಡಿತ್ತು. ನನ್ನ ಕಣ್ಣು ಕೂಡ, ಹೇಳಲು ನಾಚಿಕೆಯಾಗುತ್ತದೆ, ಗೋಡೆಯ ಕಡೆ ಹೊರಳಿತ್ತು.

ಅಷ್ಟರಲ್ಲಿ ನೆಗೆಣ್ಣಿ ಒದ್ದೆ ಕೈ ಒರೆಸಿಕೊಳ್ಳುತ್ತ ಗೇಟಿಗೆ ಬಂದಳು. ಹಿಂದೆ ಅರ್ಧ ಓಣಿ. ಮುಖಂಡರಿಗೆ ಜೀವ ಬಂದ ಹಾಗಾಯಿತು. "ನೀವಾರ ಖರೆ ಹೇಳ್ರಿ ತಂಗಿ. ಈ ಮನಿಗಿ ನೀರು ಬರತಾವೋ ಇಲ್ಲೋ?"

ಆಕೆ ನನ್ನನ್ನು ನೋಡಿದಳು. ಚಾಪೆಯನ್ನು ನೋಡಿದಳು. ಒಂದು ಮಾತು ಆಡಿದ್ದರೆ ತಮ್ಮನ ಕುರ್ಚಿ, ಗಂಡನ ಮನೆತನದ ಹೆಸರು, ನನ್ನ ಮುಖ ಎಲ್ಲ ಆ ಮೊಬೈಲಿನೊಳಗೆ ಹೋಗಿಬಿಡುತ್ತಿದ್ದವು. ಆಡಲು ಆಕೆಗೆ ವರ್ಷಗಟ್ಟಲೆಯ ಹಕ್ಕಿತ್ತು.

"ನಳ ತಿರುವಿ ನೋಡಿದ್ರೆಲ್ಲ, ಬಂದ್ವೇನು?" ಎಂದಳು.

"ಇವತ್ತಿಂದಲ್ಲ ತಂಗಿ, ದಿನಾ?"

"ದಿನಾ ಯಾರ ಮನಿಗಿ ಬರತಾವ್ರೀ? ನಿಮ್ಮ ಮನಿಗಿ ಬರತಾವೇನು? ನಡ್ರಿ ಹಂಗಾರ, ಎಲ್ಲಾರೂ ನಿಮ್ಮ ಮನಿಗೇ ಬರ್ತೀವಿ. ನಿಮ್ಮ ಸಂಪು, ನಿಮ್ಮ ಮೋಟರ್ ಎಲ್ಲಾ ತೋರಸ್ರಿ. ಲೇ ತಮ್ಮಾ, ಮೊಬೈಲ್ ಬಂದ್ ಮಾಡಬ್ಯಾಡ, ಹಿಡಕೊಂಡ ಬಾ."

ಓಣಿ ಗೊಳ್ಳೆಂದಿತು. ಮುಖಂಡರ ಮುಖದಲ್ಲೂ ಆಗ ನನ್ನಲ್ಲಿದ್ದಂಥದ್ದೇ ಒಂದು ನೋಟ ಬಂದು ಹೋಯಿತು. ಅವರ ಮನೆಯ ಅಂಗಳದಲ್ಲೂ ಯಾವುದೋ ಒಂದು ಚಾಪೆಯ ಅಗತ್ಯವಿತ್ತು ಎಂದು ಕಾಣುತ್ತದೆ. ಚಹಾ ಕುಡಿದು, ಕೈಮುಗಿದು, ಹೊರಟುಹೋದರು.

ಅಂಗಳ ಖಾಲಿಯಾದ ಮೇಲೆ ನೆಗೆಣ್ಣಿ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಚೆಲ್ಲಿದ ಕಾಳು ಆರಿಸತೊಡಗಿದಳು. "ಏಳ್ರಿ ಅಕ್ಕಾ, ಸಾಕು. ಜೋಳ ಹಸನಾದ್ವು." ನಾನು ಏಳಲಿಲ್ಲ. ಕಾಲು ಜೋಮು ಹಿಡಿದಿತ್ತು ಎಂದು ಬರೆದರೆ ಅದೂ ಒಂದು ಚೀಟಿ ಓದಿದ ಉತ್ತರವಾಗುತ್ತದೆ.

"ನಿನ್ನಿಂದ ಬಾಳ ಉಪಕಾರ ಆತವಾ" ಎಂದೆ.

"ಉಪಕಾರ ನಂದಲ್ರೀ, ನಿಮ್ಮ ತಮ್ಮಂದು. ಇವತ್ತ ನಮ್ಮ ನಳ ಹೆಂಗ ಬಂದ್ವು ಅಂತೀರಿ! ಸಂಪು ತುಂಬಿ ಅಂಗಳಕ್ಕ ಹರದಾವ. ಈ ಮನಿಗಿ ಬಂದಾಗಿಂದ ಇಂಥಾ ನೀರು ನೋಡಿಲ್ಲ." ಕಾಳು ಆರಿಸುತ್ತಲೇ ಹೇಳಿದಳು. "ಅವರಿಗೆ ಹೇಳ್ರಿ, ತಿಂಗಳಿಗೊಮ್ಮೆ ಹಿಂಗ ಎದ್ದು ನಿಂತು ನಿಮ್ಮ ಮ್ಯಾಲ ಒಂದು ಸುಳ್ಳು ಹೇಳ್ಲಿ. ನಮ್ಮ ಬಾಳೇವು ನಡೀತೈತಿ."

ನಗುತ್ತಿದ್ದಾಳೆ ಎಂದುಕೊಂಡು ತಲೆ ಎತ್ತಿದೆ. ನಗುತ್ತಿರಲಿಲ್ಲ. ಹಿಡಿ ಕಾಳನ್ನು ಮೊರಕ್ಕೆ ಹಾಕಿ, ಕೈ ಕೊಡವಿಕೊಂಡು, ಮೆಲ್ಲಗೆ ಕೇಳಿದಳು: "ಮೋಟರ್ ಮತ್ತ ಯಾವಾಗ ಹಚ್ಚೋರು?"

ಎದುರಿಗೆ ಮೊಬೈಲಿಲ್ಲ, ಮುಖಂಡರಿಲ್ಲ. ಹೌದು ಇಲ್ಲ ಎರಡರಲ್ಲಿ ಒಂದು ಹೇಳಬಹುದಿತ್ತು. ಇಷ್ಟು ವರ್ಷ ಮಕ್ಕಳಿಗೆ ಪ್ರಶ್ನೋತ್ತರ ವೇಳೆಯ ಮಹತ್ವ ಬೋಧಿಸಿದವಳು ಸೆರಗು ಸರಿಮಾಡಿಕೊಂಡು ಹೇಳಿದ್ದು: "ನೋಡೂಣಂತ."

"ಅಕ್ಕ ತಮ್ಮ ಇಬ್ಬರೂ ಒಂದ ನೋಡ್ರಿ" ಎಂದಳು. ಈಗ ನಕ್ಕಳು. ಎದ್ದು ಹೋದಳು.

ಮೋಟರು ಇನ್ನೂ ಮೆಟ್ಟಿಲ ಕೆಳಗೇ ಇದೆ. ಒಳ್ಳೆಯತನ ಎಂದು ಯಾರೂ ತಿಳಿಯಬಾರದು. ನಳದ ದಿನ ಗಂಡ ಆ ಗೋಣಿಚೀಲದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡುತ್ತಾರೆ. ನಾನು ಕಸಬರಿಗೆ ಹಿಡಿದು ಬೇರೆ ಕೋಣೆಗೆ ಹೋಗುತ್ತೇನೆ. ಹಚ್ಚಿದರೆ ಓಣಿಯ ಕೊನೆಯವರೆಗೂ ಕೇಳುವ ಆ ಗುಂಯ್ ಸದ್ದಿಗೆ ಹೆದರಿ ಹಚ್ಚಿಲ್ಲ, ಅಷ್ಟೇ. ಸಂಪಿನಲ್ಲಿದ್ದ ಹಳೆಯ ನೀರು ಮುಗಿಯಿತು. ಹನಿಹನಿ ಹಿಡಿದು ತುಂಬಿದ್ದು ಬಟ್ಟೆ ಒಗೆಯುವುದಕ್ಕೂ ಸಾಲದು.

ಮೊನ್ನೆ ಸಾಯಂಕಾಲ ನಾನು ಕೊಡ ಹಿಡಿದು ಓಣಿಯ ಕೊನೆಗೆ ಹೋದೆ. ನೆಗೆಣ್ಣಿ ತನ್ನ ಸಂಪಿನಿಂದ ಎತ್ತಿ, ಕೊಡದ ಬಾಯಿ ತುಳುಕುವಂತೆ ತುಂಬಿಸಿದಳು. "ಇನ್ನೊಂದು ಒಯ್ರಿ ಅಕ್ಕಾ, ನೀರಿಗೇನು" ಎಂದಳು. ಆಕೆಯ ಮುಖದಲ್ಲಿ ಒಂದು ಹಿಗ್ಗಿತ್ತು. ಅದರ ಪರಿಚಯ ನನಗೆ ಚೆನ್ನಾಗಿಯೇ ಇತ್ತು. ಕಣ್ಣು ಕೆಳಗೆ ಮಾಡಿ ಕೊಡ ಎತ್ತಿಕೊಂಡೆ.

ಆಗಲೇ ತಮ್ಮನ ಫೋನು ಬಂತು. ಮಾರನೆಯ ದಿನ ಮತ್ತೆ ಅವನ ಖಾತೆಯ ಪ್ರಶ್ನೆಗಳಂತೆ. "ಅಕ್ಕಾ, ನೀರು ಹೆಂಗ ಬರಾಕತ್ತಾವ ಈಗ?"

ಕೊಡ ಸೊಂಟದ ಮೇಲಿತ್ತು. ನೆಗೆಣ್ಣಿ ಹಗ್ಗ ಸುತ್ತುವುದನ್ನು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಜೀವಮಾನದಲ್ಲಿ ಮೊದಲ ಸಲ ನನಗೆ 'ಬರವಲ್ವು' ಎಂದು ಹೇಳುವ ಪೂರಾ ಹಕ್ಕಿತ್ತು.

"ಚೊಲೋ ಬರಾಕತ್ತಾವಪ್ಪಾ" ಎಂದೆ. "ನಮ್ಮ ಮನಿ ಸುದ್ದಿ ಮಾತ್ರ ಎಲ್ಲೂ ತಗೀಬ್ಯಾಡ."